ಗಾಳಿಗುಳ್ಳೆಗೆ ಕೋಶಕೇಂದ್ರ ಇರುವುದಿಲ್ಲ: ಸ್ಲೈಡ್ ಮಾಡುವುದು ಹೇಗೆ?

ಬದಿಯಡ್ಕದ ಆಸುಪಾಸಿನ ಮಕ್ಕಳಿಗೆ ಆಗಾಗ ಮೈಕ್ರೋಸ್ಕೋಪ್ ಹೇಳಿಕೊಡುತ್ತಿರುತ್ತೇನೆ. ಪ್ರತಿ ಸಲವೂ ಒಬ್ಬರಾದರೂ ಗಾಳಿಗುಳ್ಳೆಯನ್ನೇ ಕೋಶ ಅಂದುಕೊಂಡು, ಚಂದ ಚಿತ್ರ ಬರೆದು, ನಡುವಿಗೆ ಗೆರೆ ಎಳೆದು 'ಕೋಶಕೇಂದ್ರ' ಅಂತ ಬರೆಯುತ್ತಾರೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರ. '1200 ಪಟ್ಟು' ಅಂತ ಡಬ್ಬಿಯ ಮೇಲೆ ಬರೆದ ಪ್ಲಾಸ್ಟಿಕ್ ಆಟಿಕೆ ತರಿಸಬೇಡಿ. ಅದರಲ್ಲಿ ಮಂಜು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಕಣ್ಣಿನ ಕಡೆ 10ರ ಲೆನ್ಸ್, ಕೆಳಗೆ 4, 10, 40ರ ಲೆನ್ಸ್ ಇರುವ ಶಾಲೆಯ ಹಳೇ ಮೈಕ್ರೋಸ್ಕೋಪ್ ಸಾಕು. 10ಕ್ಕೆ 40 ಗುಣಿಸಿದರೆ 400 ಪಟ್ಟು. ನನ್ನ ಮುಕ್ಕಾಲು ಕೆಲಸ 100 ಪಟ್ಟಿನಲ್ಲೇ ಮುಗಿಯುತ್ತದೆ.

ನೀರುಳ್ಳಿ ಸುಲಭ. ಎಸಳಿನ ಒಳಬದಿಯ ಪೊರೆ ಎಳೆದು, ಸ್ಲೈಡ್ ಅನ್ನುವ ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಹರಡಿ, ಒಂದು ಹನಿ ಅಯೋಡಿನ್ ಹಾಕಿ. ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತದೆ.

ಮನುಷ್ಯನ ಕೋಶ ಬೇಕಿದ್ದರೆ ಕೆನ್ನೆಯ ಒಳಗನ್ನು ಹೊಸ ಇಯರ್‌ಬಡ್‌ನಿಂದ ಮೆಲ್ಲಗೆ ಉಜ್ಜಿ ಸ್ಲೈಡಿಗೆ ಸವರಿ. ಒಣಗಿದ ಮೇಲೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಒಂದು ಹನಿ, ಒಂದು ನಿಮಿಷ ಬಿಟ್ಟು ತೊಳೆಯಿರಿ. ಬೆರಳು ಚುಚ್ಚಿ ರಕ್ತ ನೋಡುವ ಉಸಾಬರಿ ಮನೆಯಲ್ಲಿ ಬೇಡ. ಪಿತ್ತಜನಕಾಂಗ, ಚರ್ಮ ಇತ್ಯಾದಿ ನೋಡುವ ಆಸೆ ಇದ್ದರೆ ರೆಡಿ ಸ್ಲೈಡ್ ಕೊಳ್ಳಿ. ಅದನ್ನು ಮೇಣದಲ್ಲಿ ಕೂರಿಸಿ ಯಂತ್ರದಲ್ಲಿ ಕತ್ತರಿಸಿರುತ್ತಾರೆ, ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳ್ಳಗೆ. ಕೈಯಲ್ಲಿ ಆಗುವ ಕೆಲಸ ಅಲ್ಲ.

ಗಿಡದ ದಂಟು ಮಾತ್ರ ಕೈಯಲ್ಲೇ ಆಗುತ್ತದೆ, ಎಲ್ಲರೂ ಸೋಲುವುದೂ ಅಲ್ಲೇ. ಬಸಳೆ ತರಬೇಡಿ, ಲೋಳೆ ಬ್ಲೇಡಿಗೆ ಅಂಟಿ ಸಾಕುಸಾಕಾಗುತ್ತದೆ. ಗೌರಿ ಹೂವಿನ (ಕರ್ಣಕುಂಡಲ) ಗಿಡದ ಎಳೆ ದಂಟು ಒಳ್ಳೆಯದು, ನೀರು ತುಂಬಿಕೊಂಡು ಗರಿಗರಿಯಾಗಿರುತ್ತದೆ. ಬ್ಲೇಡ್ ಹೊಸದೇ ಆಗಬೇಕು. ಮಾವ ಗಡ್ಡ ತೆಗೆದಿಟ್ಟ ಬ್ಲೇಡ್ ತರುವವರಿದ್ದಾರೆ, ಅದು ಕೊಯ್ಯುವುದಿಲ್ಲ, ಹರಿಯುತ್ತದೆ. ಬ್ಲೇಡನ್ನೂ ದಂಟನ್ನೂ ನೀರಲ್ಲಿ ಅದ್ದಿ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ದಂಟನ್ನು ನೆಟ್ಟಗೆ ಹಿಡಿಯಿರಿ. ಹೆಬ್ಬೆರಳು ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಮೊದಲ ಸೆಕ್ಷನ್ (ಕೊಯ್ದ ತೆಳು ಚೂರು) ನಿಮ್ಮ ಬೆರಳಿನದ್ದೇ ಆಗುತ್ತದೆ. ಬ್ಲೇಡನ್ನು ಅಡ್ಡ ಮಲಗಿಸಿ, ಒಂದೇ ಎಳೆತಕ್ಕೆ ಓರೆಯಾಗಿ ನಿಮ್ಮ ಕಡೆಗೆ ಎಳೆಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಕೆಟ್ಟಿತು. ನಿಲ್ಲಿಸದೆ ಇಪ್ಪತ್ತು, ಮೂವತ್ತು ಕೊಯ್ದು ಎಲ್ಲವನ್ನೂ ಬಟ್ಟಲಿನ ನೀರಿಗೆ ಬಿಡಿ. ಈಗ ಹುಡುಕಿ: ಪೂರ್ತಿ ದುಂಡಗಿನ ದಪ್ಪ ಬಿಲ್ಲೆಯನ್ನೇ ಎಲ್ಲರೂ ಆರಿಸುತ್ತಾರೆ, ನೀವು ಮಾತ್ರ ಇದೆಯೋ ಇಲ್ಲವೋ ಅನ್ನುವ ಹಾಗೆ ತೇಲುವ ಅರ್ಧಚಂದ್ರದ ಚೂರನ್ನು ಬ್ರಷ್‌ನಲ್ಲಿ ಎತ್ತಿ, ಯಾಕೆಂದರೆ ಬೆಳಕು ಹಾದುಹೋಗುವುದು ಅದರಲ್ಲಿ. ಸಫ್ರಾನಿನ್ ಅನ್ನುವ ಕೆಂಪು ಬಣ್ಣದಲ್ಲಿ ಒಂದೆರಡು ನಿಮಿಷ ಇಟ್ಟು ತೊಳೆದರೆ ನೀರಿನ ಕೊಳವೆಗಳು ಕೆಂಪಗೆ ಎದ್ದು ಕಾಣುತ್ತವೆ. ಎಲೆ ಕೊಯ್ಯಬೇಕಾದರೆ ಅದನ್ನು ಸೀಳಿದ ಕ್ಯಾರೆಟ್ ನಡುವೆ ಇಟ್ಟು ಎರಡನ್ನೂ ಒಟ್ಟಿಗೆ ಕೊಯ್ಯಿರಿ.

ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಮೇಲಿಂದ ಟಪ್ ಅಂತ ಬಿಡಬೇಡಿ. ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದು ಬದಿಯನ್ನು ಸೂಜಿಯಲ್ಲಿ ಆನಿಸಿ ಮೆಲ್ಲಗೆ ಇಳಿಸಿ. ಆದರೂ ಗುಳ್ಳೆ ಕೂತರೆ ಗುರುತು ಸುಲಭ: ದಪ್ಪ ಕಪ್ಪು ಅಂಚು, ಬಳೆಯಷ್ಟು ದುಂಡಗೆ, ಒಳಗೆ ಏನೂ ಇಲ್ಲ.

ನೋಡುವಾಗ 4ರ ಲೆನ್ಸಿನಿಂದಲೇ ಶುರು ಮಾಡಿ. 40ಕ್ಕೆ ಹೋದ ಮೇಲೆ ಫೋಕಸ್ ಮಾಡುವ ದೊಡ್ಡ ತಿರುಪನ್ನು ಮುಟ್ಟಲೇಬಾರದು, ಸ್ಲೈಡ್ ಒಡೆಯುವ ಸದ್ದು ನಾನು ಬೇಕಾದಷ್ಟು ಕೇಳಿದ್ದೇನೆ. ಏನೂ ಕಾಣದಿದ್ದರೆ ಬೆಳಕು ಹೆಚ್ಚಿಸುವುದಲ್ಲ, ಸ್ಲೈಡ್ ಇಡುವ ತಟ್ಟೆಯ (ಸ್ಟೇಜ್) ಕೆಳಗಿನ, ಬೆಳಕು ಬರುವ ಕಿಂಡಿಯನ್ನು (ಡಯಾಫ್ರಮ್) ಕಿರಿದು ಮಾಡಿ. ಜಾಸ್ತಿ ಬೆಳಕಿನಲ್ಲಿ ಬಣ್ಣ ಹಾಕದ ಕೋಶ ಮಾಯ.

ಇನ್ನು ಬೂಷ್ಟು. ನಮ್ಮ ಮಳೆಗಾಲದಲ್ಲಿ ಬೆಲ್ಟಿಗೂ ಬರುತ್ತದೆ, ಹುಡುಕಬೇಕಾಗಿಲ್ಲ ಅಲ್ವಾ. ಹಳೇ ಬ್ರೆಡ್ಡಿನ ಬೂಷ್ಟನ್ನು ಸೂಜಿಯಲ್ಲಿ ಕೆದಕಿದರೆ ಎಳೆಗಳೆಲ್ಲ ತುಂಡಾಗುತ್ತವೆ. ಸೆಲ್ಲೋಟೇಪಿನ ಅಂಟು ಬದಿಯನ್ನು ಮೆಲ್ಲಗೆ ತಾಗಿಸಿ, ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಅನ್ನುವ ಬಣ್ಣದ ಹನಿಯ ಮೇಲೆ ಅಂಟಿಸಿದರೆ ಮುಗಿಯಿತು. ಆ ಬಣ್ಣ ಕೈಗೆ ತಾಗಬಾರದು. ಬೂಷ್ಟಿನ ನಡುವಿನಿಂದಲ್ಲ, ಅಂಚಿನಿಂದ ತೆಗೆಯಿರಿ. ನಡುವೆ ಬರೀ ಬೀಜಕಗಳ ಕಪ್ಪು ರಾಶಿ.

ತೋಟ ಇರುವವರು ಕೊಳೆರೋಗ ಬಂದು ಬಿದ್ದ ಎಳೆ ಅಡಿಕೆ ತನ್ನಿ, ಮೇಲೆ ಬಿಳಿ ಹತ್ತಿಯ ಹಾಗೆ ಬಂದಿರುತ್ತದೆ. ಇದೇ ಟೇಪಿನಲ್ಲಿ ನೋಡಿದರೆ ಎಳೆಗಳ ತುದಿಯಲ್ಲಿ ಪುಟ್ಟ ಲಿಂಬೆಕಾಯಿಗಳು. ಇದು ಕೊಳೆರೋಗ ತರುವ ಜೀವಿ, ಹೆಸರು ಫೈಟಾಫ್ತೊರಾ. ಎಲ್ಲರೂ ಶಿಲೀಂಧ್ರ ಅಂತಲೇ ಹೇಳುತ್ತಾರೆ, ನಿಜಕ್ಕೆ ಇದರ ನಂಟು ಕಂದು ಪಾಚಿಗಳ ಜೊತೆ. ನೋಡಿದ ಅಡಿಕೆಯನ್ನು ಮತ್ತೆ ತೋಟಕ್ಕೆ ಎಸೆಯಬೇಡಿ, ಸುಟ್ಟುಬಿಡಿ. ಬ್ರೆಡ್ಡಿನ ಡಬ್ಬಿಯನ್ನು ಮೂಸಿ ನೋಡದೆ ಮುಚ್ಚಿದ ಹಾಗೇ ಕಸಕ್ಕೆ ಹಾಕಿ.