ಬೇಕಂತ್ಲೇ ಮಲೇರಿಯಾ ಹತ್ತಿಸೋ ಸ್ಟಡಿಲಿ ವಾಲಂಟಿಯರ್‌ನ ಕಾಪಾಡೋದು ಹೇಗೆ

ಆರೋಗ್ಯವಾಗಿರೋರಿಗೆ ಬೇಕಂತ್ಲೇ ಮಲೇರಿಯಾ ಹತ್ತಿಸಿ ಲಸಿಕೆ, ಮಾತ್ರೆ ಕೆಲ್ಸ ಮಾಡುತ್ತಾ ಅಂತ ನೋಡೋ ಸ್ಟಡಿಗಳು ಆಕ್ಸ್‌ಫರ್ಡ್‌ನಲ್ಲಿ, ಕೀನ್ಯಾದ ಕಿಲಿಫಿಯಲ್ಲಿ ನಡೆದಿವೆ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ 2023ರಲ್ಲಿ ಇಂಥದಕ್ಕೆ ನೀತಿ ಹೊರಡಿಸಿದೆ. ನಾಳೆ ಶಿವಮೊಗ್ಗದಲ್ಲೂ ಯಾರಾದ್ರೂ ಮಾಡ್ತೀವಿ ಅಂದ್ರೆ ಏನೇನ್ ನೋಡ್ಬೇಕು ಅಂತ ಹೇಳ್ತೀನಿ.

ಮೊದ್ಲು ಆಯ್ಕೆ. ಮಾತ್ರೆಗೆ ಚೆನ್ನಾಗಿ ಬಗ್ಗೋ ಮಲೇರಿಯಾ ಪರಾವಲಂಬಿ ತಳಿಯನ್ನೇ ಬಳಸ್ಬೇಕು. ಗರ್ಭಿಣಿಯರನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ಇಸಿಜಿ ತೆಗೀಲೇಬೇಕು, ವಯಸ್ಸಿನ್ನೂ ಚಿಕ್ಕದು ಅಂತ ಬಿಡ್ಬೇಡಿ, ನೆದರ್ಲೆಂಡ್ಸ್‌ನಲ್ಲಿ ಒಬ್ಬ ಯುವತಿಗೆ ಚಿಕಿತ್ಸೆ ಆದ್ಮೇಲೆ ಹೃದಯದ ತೊಂದ್ರೆ ಬಂದಿತ್ತು. ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಆದ್ರೆ ರಕ್ತಕಣ ಕಾಪಾಡೋ ಜಿ6ಪಿಡಿ ಅನ್ನೋ ಕಿಣ್ವದ ಟೆಸ್ಟ್ ಮಾಡಿಸದೆ ಮುಂದೆ ಹೋಗ್ಲೇಬಾರ್ದು, ಯಾಕಂದ್ರೆ ಆ ಪರಾವಲಂಬಿ ಲಿವರ್‌ನಲ್ಲಿ ಮಲಗಿದ್ದು ತಿಂಗಳುಗಟ್ಲೆ ಆದ್ಮೇಲೂ ಏಳುತ್ತೆ, ಅದನ್ನ ಸಾಯಿಸೋ ಪ್ರೈಮಾಕ್ವಿನ್ ಆ ಕಿಣ್ವ ಕಮ್ಮಿ ಇರೋರ ರಕ್ತಕಣ ಒಡೆಯುತ್ತೆ.

ಆದ್ರೆ ನನ್ನ ಪ್ರಕಾರ ನಿಜವಾದ ಅಪಾಯ ಸೊಳ್ಳೆ ಕಚ್ಚಿಸಿದ ದಿನದಲ್ಲಿಲ್ಲ, ಆಮೇಲಿನ ದಿನಗಳಲ್ಲಿ ಇದೆ. ಸಾಮಾನ್ಯವಾಗಿ ಸೋಂಕಿರೋ 5 ಸೊಳ್ಳೆ ಕಚ್ಚಿಸ್ತಾರೆ, ಫಾಲ್ಸಿಪಾರಂ ಅನ್ನೋ ಇನ್ನೊಂದು ಬಗೆಯ ಪರಾವಲಂಬಿ ಒಂದ್ ವಾರ ಲಿವರ್‌ನಲ್ಲೇ ಬೆಳೀತಿರುತ್ತೆ, ಆಗ ಮೈಗೇನೂ ಗೊತ್ತಾಗಲ್ಲ, ಆಮೇಲೆ ರಕ್ತಕ್ಕೆ ಇಳಿದ್ರೆ ಬೇಗ ಬೇಗ ಹೆಚ್ಚಾಗುತ್ತೆ. ಅದಕ್ಕೇ ಆಗ ದಿನಾ ರಕ್ತ ತೆಗೆದು, ಪರಾವಲಂಬಿ ತುಂಬ ಕಮ್ಮಿ ಇದ್ರೂ ಹಿಡಿಯೋ ಪಿಸಿಆರ್ ಟೆಸ್ಟ್ ಮಾಡಿ, ಅದು ಮೊದ್ಲೇ ಗೊತ್ತು ಮಾಡಿದ ಮಟ್ಟ ಮುಟ್ಟಿದ ತಕ್ಷಣ ಮಾತ್ರೆ ಶುರು ಮಾಡ್ಬೇಕು, ಪೂರ್ತಿ ಕೋರ್ಸ್ ಎದುರಿಗೇ ನುಂಗಿಸ್ಬೇಕು. ಆ ದಿನಗಳಲ್ಲಿ ವಾಲಂಟಿಯರ್ ಹುಡುಗ ಹೊಸನಗರದ ಕಡೆ ಅಡಿಕೆ ಕೊಯ್ಲಿಗೆ ಅಂತ ಮನೆಗೆ ಹೋದ್ರೆ, ಅಲ್ಲಿ ನೆಟ್‌ವರ್ಕ್ ಇಲ್ಲ, ರಾತ್ರಿ ಬಸ್ಸಿಲ್ಲ, ಜ್ವರ ಬಂದ್ರೆ ಮನೆಯವ್ರು ಮಂಗನಕಾಯಿಲೆ ಅಂದ್ಕೋಬೋದು, ಹತ್ತಿರದ ಡಾಕ್ಟ್ರಿಗೂ ಮಲೇರಿಯಾ ನೆನಪಾಗದೇ ಇರ್ಬೋದು. ಹಾಗಾಗಿ ಊಟ ವಸತಿ ಕೊಟ್ಟು ಸ್ಟಡಿ ನಡೆಯೋ ಊರಲ್ಲೇ ಉಳಿಸ್ಕೊಳ್ಳಿ, ಮನೆಯವರ ನಂಬರ್ ತಗೊಳ್ಳಿ, ಯಾವ ತಳಿ, ಯಾವ ಮಾತ್ರೆ ಅಂತ ಬರೆದ ಕಾರ್ಡ್ ಕೈಗೆ ಕೊಡಿ, ಅದು ಕನ್ನಡದಲ್ಲೂ ಇರ್ಲಿ.

ಬಿಟ್ಟು ಹೋಗೋ ಹಕ್ಕು ಯಾವಾಗ್ಲೂ ಇದೆ, ಆದ್ರೆ ಸೋಂಕು ಹತ್ತಿದ ಮೇಲೆ ಬಿಡೋರಿಗೆ ಅವತ್ತೇ ಮಾತ್ರೆ ಕೊಟ್ಟೇ ಕಳಿಸ್ಬೇಕು, ಇದನ್ನ ಸಹಿ ಹಾಕಿಸೋ ಮೊದ್ಲೇ ಮನೆಮಾತಲ್ಲಿ ಕೂರಿಸಿ ಹೇಳಿ. ಅನಾಹುತ ಆದ್ರೆ 24 ಗಂಟೆಲಿ ವರದಿ, ಉಚಿತ ಚಿಕಿತ್ಸೆ, ಇದು 2019ರ ಕ್ಲಿನಿಕಲ್ ಟ್ರಯಲ್ ನಿಯಮ.

ಅಕ್ಕಪಕ್ಕದವರ ಬಗ್ಗೆನೂ ಯೋಚಿಸ್ಬೇಕು. ಮಲೆನಾಡಿನ ಹಳ್ಳಗಳಲ್ಲಿ ಮಲೇರಿಯಾ ಹರಡೋ ಅನಾಫಿಲಿಸ್ ಸೊಳ್ಳೆ ಇದೆ. ಫಾಲ್ಸಿಪಾರಂ ಸೊಳ್ಳೆಗೆ ದಾಟೋ ರೂಪಕ್ಕೆ ಬಲಿಯೋಕೆ ಹತ್ತು ದಿನದ ಮೇಲೇ ಬೇಕು, ಬೇಗ ಚಿಕಿತ್ಸೆ ಕೊಟ್ರೆ ಆ ದಾರಿ ಬಹುಪಾಲು ಮುಚ್ಚುತ್ತೆ, ಆದ್ರೂ ಮಾತ್ರೆ ಮುಗಿಯೋವರೆಗೂ ಸೊಳ್ಳೆಪರದೆ ಬಿಡ್ಬಾರ್ದು, ರಕ್ತದಾನ ಮಾತ್ರ ಅದಾದ್ಮೇಲೂ ಕೆಲವು ತಿಂಗಳು ಬೇಡ.