ಹೆನ್ರಿಯೆಟ್ಟೆ ಗೋಲ್ಡ್‌ಶ್ಮಿಟ್ ಅವರ ಕುರಿತು ಲೇಖನ ಬರೆಯುವ ಬಗೆ

ಜರ್ಮನಿಯ ಮಹಿಳಾ ಚಳವಳಿಯ ಮೊದಲ ತಲೆಮಾರಿನಲ್ಲಿ ದುಡಿದ ಯಹೂದಿ ಮಹಿಳೆ ಹೆನ್ರಿಯೆಟ್ಟೆ ಗೋಲ್ಡ್‌ಶ್ಮಿಟ್ (1825–1920) ಅವರ ಕುರಿತು ಬರೆಯಹೊರಟವರು ಮತದಾನದ ಹಕ್ಕಿನಿಂದ ಆರಂಭಿಸಬಾರದು. ಅಲ್ಲಿನ ಮಹಿಳೆಯರಿಗೆ ಆ ಹಕ್ಕು ದೊರೆತದ್ದು 1918ರ ನವೆಂಬರ್‌ನಲ್ಲಿ. ಆ ವೇಳೆಗೆ ಅವರಿಗೆ ತೊಂಬತ್ತು ದಾಟಿತ್ತು. ಅವರ ಕೆಲಸದ ತೂಕ ತಿಳಿಯುವುದು ಅವರು ಕಟ್ಟಿದ ಸಂಸ್ಥೆಗಳಿಂದ.

ಮೊದಲು ಕಾನೂನಿನ ಹಿನ್ನೆಲೆಯನ್ನು ಟಿಪ್ಪಣಿ ಮಾಡಿಕೊಳ್ಳಿ. ಮಹಿಳೆಯರು ರಾಜಕೀಯ ಸಂಘಗಳನ್ನು ಸೇರುವುದನ್ನು ಜರ್ಮನ್ ರಾಜ್ಯಗಳಲ್ಲಿ ಅತಿ ದೊಡ್ಡದಾಗಿದ್ದ ಪ್ರಷ್ಯಾದ 1850ರ ಕಾನೂನು ನಿಷೇಧಿಸಿತ್ತು, ಮತ್ತು ಇಂಥ ನಿರ್ಬಂಧಗಳು ಜರ್ಮನ್ ಸಾಮ್ರಾಜ್ಯದಾದ್ಯಂತ ತೊಲಗಿದ್ದು 1908ರಲ್ಲಿ. ಇದರ ಪಕ್ಕದಲ್ಲೇ ಇನ್ನೊಂದು ವರ್ಷವನ್ನು ಬರೆದುಕೊಳ್ಳಬೇಕು: 1869ರಲ್ಲಿ ಪ್ರಷ್ಯಾದ ಮುಂದಾಳತ್ವದ ರಾಜ್ಯಗಳ ಕೂಟವಾಗಿದ್ದ ಉತ್ತರ ಜರ್ಮನ್ ಒಕ್ಕೂಟವು ಧರ್ಮದ ಆಧಾರದ ನಿರ್ಬಂಧಗಳನ್ನು ರದ್ದುಪಡಿಸಿತು. ಯಹೂದಿ ಪುರುಷರಿಗೆ ಹೀಗೆ ದೊರೆತ ರಾಜಕೀಯ ಸಮಾನತೆ ಅವರ ಮನೆಯ ಹೆಂಗಸರಿಗೆ ದೊರೆಯಲಿಲ್ಲ. ಲೈಪ್‌ಜಿಗ್ ನಗರದ ರಬ್ಬಿಯ (ಯಹೂದಿ ಧರ್ಮಗುರುವಿನ) ಪತ್ನಿಯಾಗಿದ್ದ ಗೋಲ್ಡ್‌ಶ್ಮಿಟ್ ಅವರ ಬದುಕನ್ನು ಈ ಎರಡು ಕಾನೂನುಗಳ ನಡುವೆ ಇಟ್ಟು ನೋಡದಿದ್ದರೆ, ಅವರ ಯಹೂದಿ ಹಿನ್ನೆಲೆ ಲೇಖನದಲ್ಲಿ ಬರಿಯ ವಿಶೇಷಣವಾಗಿ ಉಳಿದುಬಿಡುತ್ತದೆ.

1865ರ ಅಕ್ಟೋಬರ್‌ನಲ್ಲಿ ಲೂಯಿಸೆ ಒಟ್ಟೊ-ಪೀಟರ್ಸ್ ಮತ್ತು ಔಗುಸ್ತೆ ಶ್ಮಿಟ್ ಅವರ ಮುಂದಾಳತ್ವದಲ್ಲಿ ಲೈಪ್‌ಜಿಗ್‌ನಲ್ಲಿ ಸ್ಥಾಪನೆಯಾದ ಅಖಿಲ ಜರ್ಮನ್ ಮಹಿಳಾ ಸಂಘವನ್ನು ಸಂಕ್ಷೇಪವಾಗಿ ಪರಿಚಯಿಸಿದರೆ ಸಾಕು. ಅದರ ಮುಂದಾಳುಗಳಲ್ಲಿ ಗೋಲ್ಡ್‌ಶ್ಮಿಟ್ ಅವರೂ ಒಬ್ಬರು ಎಂಬುದನ್ನು ಮಾತ್ರ ಬಿಡಬೇಡಿ.

ಲೇಖನದ ಹೆಚ್ಚಿನ ಜಾಗವನ್ನು ಶಿಶುವಿಹಾರಗಳಿಗೆ ಮೀಸಲಿಡಿ. ಜರ್ಮನ್ ಶಿಕ್ಷಣತಜ್ಞ ಫ್ರೋಬೆಲ್ ರೂಪಿಸಿದ ಶಿಶುವಿಹಾರಗಳನ್ನು ಪ್ರಷ್ಯಾ ಸರ್ಕಾರವು ನಾಸ್ತಿಕತೆಯ ಶಂಕೆಯಿಂದ 1851ರಲ್ಲಿ ನಿಷೇಧಿಸಿ, 1860ರವರೆಗೂ ಆ ನಿಷೇಧವನ್ನು ಉಳಿಸಿಕೊಂಡಿತ್ತು ಎಂಬುದನ್ನು ನೆನೆದಾಗ, 1871ರಲ್ಲಿ ಗೋಲ್ಡ್‌ಶ್ಮಿಟ್ ಅವರು ಕುಟುಂಬ ಮತ್ತು ಜನಶಿಕ್ಷಣಕ್ಕಾಗಿ ಸಂಘವೊಂದನ್ನು ಸ್ಥಾಪಿಸಿ, ಶಿಶುವಿಹಾರಗಳನ್ನು ನಡೆಸಿ, ಶಿಕ್ಷಕಿಯರಿಗೆ ತರಬೇತಿ ಕೊಡಿಸಿದ್ದರ ದಿಟ್ಟತನ ಅರಿವಾಗುತ್ತದೆ. ತಾಯ್ತನದ ಗುಣಗಳು ಮನೆಯ ಹೊರಗೂ ಸಲ್ಲಬೇಕೆಂಬ ಅವರ ವಾದ ಇಂದಿನ ಓದುಗರಿಗೆ ಹಳತೆನಿಸಬಹುದು. ಆದರೆ ಅದೇ ವಾದ ಅನೇಕ ಯುವತಿಯರಿಗೆ ಸಂಬಳದ ವೃತ್ತಿಯ ಬಾಗಿಲನ್ನು ತೆರೆಯಿತೆಂಬುದನ್ನು ಕಡೆಗಣಿಸುವುದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಬಳಿಕ 1911ರಲ್ಲಿ ಅವರು ಲೈಪ್‌ಜಿಗ್‌ನಲ್ಲಿ ತೆರೆದ ಮಹಿಳಾ ಉನ್ನತ ಶಿಕ್ಷಣ ಸಂಸ್ಥೆಗೆ ಬನ್ನಿ. ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದ ವಿಶ್ವವಿದ್ಯಾಲಯ ಆಗಲೇ ಮಹಿಳೆಯರನ್ನು ಸೇರಿಸಿಕೊಳ್ಳುತ್ತಿದ್ದಾಗ ಪ್ರತ್ಯೇಕ ಸಂಸ್ಥೆ ಏಕೆ ಬೇಕಾಯಿತೆಂಬ ಪ್ರಶ್ನೆಯನ್ನು ಎತ್ತಿ, ಶಿಕ್ಷಣ ಮತ್ತು ಸಮಾಜಸೇವೆಯ ವೃತ್ತಿಗಳಿಗೆ ಅಲ್ಲಿ ದೊರೆಯುತ್ತಿದ್ದ ತರಬೇತಿಯ ಮೂಲಕ ಉತ್ತರಿಸಿ. ಅದಕ್ಕೆ ಹಣ ನೀಡಿದ ಸಂಗೀತ ಪ್ರಕಾಶಕ ಹೆನ್ರಿ ಹಿನ್ರಿಕ್ಸನ್ ಅವರೂ ಯಹೂದಿ; 1942ರಲ್ಲಿ ಅವರನ್ನು ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಕೊಲ್ಲಲಾಯಿತು. ಜನನ–ಮರಣಗಳ ವಿವರದೊಂದಿಗೆ ಲೇಖನವನ್ನು ಮುಗಿಸದೆ ಈ ಸಂಗತಿಯನ್ನೂ, ಲೈಪ್‌ಜಿಗ್‌ನ ಶಾಲೆಯೊಂದು ಇಂದು ಗೋಲ್ಡ್‌ಶ್ಮಿಟ್ ಅವರ ಹೆಸರಿನಲ್ಲಿ ನಡೆಯುತ್ತಿರುವುದನ್ನೂ ದಾಖಲಿಸಿ.