ರವೆಗಿಂತ ಪಾಕ ಮುಖ್ಯ: ದವಡೆಯ ಮೂಳೆ ತುಂಬುವಲ್ಲಿ ನನ್ನ ಅನುಭವ

"ಡಾಕ್ಟ್ರೇ, ಬಾಯಲ್ಲಿ ಮರಳು ಸಿಗ್ತಾ ಇದೆ" ಎಂದು ಶಸ್ತ್ರಚಿಕಿತ್ಸೆಯಾದ ಹತ್ತನೆಯ ದಿನ ರೋಗಿಯೊಬ್ಬರು ಫೋನ್ ಮಾಡಿದರೆ, ಆ ಮರಳಿನ ಬೆಲೆ ಎಷ್ಟೆಂಬುದು ಗ್ರಾಫ್ಟ್ ಹಾಕುವ, ಅಂದರೆ ಹಲ್ಲು ಕಿತ್ತ ಗುಳಿಯಲ್ಲಿ ಮೂಳೆ ಬೆಳೆಯಲೆಂದು ಪುಡಿ ತುಂಬುವ, ನಮ್ಮಂಥ ದಂತವೈದ್ಯರಿಗೆ ಮಾತ್ರ ಗೊತ್ತು; ಮರಳೆಂದರೆ ಹೊರಬಂದ ಆ ಪುಡಿಯೇ. ಹಾಸನದಲ್ಲಿ ಕ್ಲಿನಿಕ್ ತೆರೆದ ಮೊದಲ ಮೂರು ವರ್ಷಗಳಲ್ಲಿ ಇಂತಹ ಫೋನ್ ಕರೆ ನನಗೆ ಆರೇಳು ಬಾರಿಯಾದರೂ ಬಂದಿರಬೇಕು. ಪ್ರತಿ ಬಾರಿಯೂ ನಾನು ದೂರಿದ್ದು ಪುಡಿಯನ್ನೇ. ಗೋಮೂಲದ ಪುಡಿ ಬಿಟ್ಟು ಮಾನವ ಮೂಲದ ಡಿಎಫ್‌ಡಿಬಿಎಗೆ (ಖನಿಜ ತೆಗೆದು ಒಣಗಿಸಿದ ಮೂಳೆಪುಡಿ) ಹೋದೆ, ಅದನ್ನು ಬಿಟ್ಟು ಕೃತಕ ಪುಡಿಗೆ ಬಂದೆ, ಕಂಪನಿ ಬದಲಿಸಿದೆ, ಕಣದ ಗಾತ್ರ ಬದಲಿಸಿದೆ. ಪುಡಿಯನ್ನು ಹಿಡಿದಿಡುವ ವಾಹಕದ ಕಡೆಗೆ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ, ಏಕೆಂದರೆ ನನ್ನ ವಾಹಕವೆಂದರೆ ಎಲ್ಲರಂತೆ ಎರಡು ಹನಿ ಸಲೈನ್, ಹೆಚ್ಚೆಂದರೆ ಗಾಯದಿಂದಲೇ ಎತ್ತಿದ ಒಂದಿಷ್ಟು ರಕ್ತ.

ವಿಷಯ ತಲೆಗೆ ಹೊಳೆದದ್ದು ಮನೆಯ ಅಡುಗೆಮನೆಯಲ್ಲಿ. ನಾವು ಬಳಸುವ 0.25ರಿಂದ 1 ಮಿಲಿಮೀಟರಿನ ಕಣಗಳು ಹೆಚ್ಚುಕಡಿಮೆ ಚಿರೋಟಿ ರವೆಯಿಂದ ಬನ್ಸಿ ರವೆಯವರೆಗಿನ ಗಾತ್ರದವು. ರವೆ ಎಷ್ಟೇ ಒಳ್ಳೆಯದಿದ್ದರೂ ಪಾಕ ಹದ ತಪ್ಪಿದರೆ ಉಂಡೆ ನಿಲ್ಲುವುದಿಲ್ಲ ಎಂದು ತಾಯಿ ಹಬ್ಬದ ಹಿಂದಿನ ದಿನ ಯಾರನ್ನೋ ಗದರುತ್ತಿದ್ದಾಗ, ಹಲ್ಲು ಕಿತ್ತು ಮೂಳೆಯ ಹೊರಗೋಡೆ ಕಳೆದುಕೊಂಡ ಗುಳಿಯಲ್ಲಿ ನಾನು ಮೂರು ವರ್ಷಗಳಿಂದ ಪಾಕವೇ ಇಲ್ಲದ ರವೆ ಸುರಿಯುತ್ತಿದ್ದೇನೆ ಎನ್ನಿಸಿತು. ನಾಲ್ಕು ಗೋಡೆಯೂ ಗಟ್ಟಿಯಾಗಿರುವ ಗುಳಿಯಲ್ಲಿ ಅದು ನಡೆಯುತ್ತದೆ. ಗೋಡೆ ಬಿದ್ದ ಕಡೆ ತುಟಿ, ಕೆನ್ನೆ ಒಮ್ಮೆ ಅಲುಗಿದರೂ ಕಣಗಳು ಜಾರುತ್ತವೆ, ಮತ್ತು ಜಾರುವ ಕಣಗಳ ನಡುವೆ ರಕ್ತನಾಳ ಬೆಳೆಯುವುದಿಲ್ಲ.

ಪುಡಿಯನ್ನು ವಾಹಕದಲ್ಲಿ ಕಲಸಿಯೇ ಮಾರುವ ರೆಡಿಮೇಡ್ ಪುಟ್ಟಿಗಳು ಇದ್ದವು, ನಿಜ. ಆದರೆ ಅರ್ಧ ಸಿಸಿ ಪುಟ್ಟಿಗೆ ಆಗ ಸುಮಾರು ಎಂಟು ಸಾವಿರ ಕೇಳುತ್ತಿದ್ದರು, ಅರ್ಧ ಗ್ರಾಂ ಕೃತಕ ಪುಡಿ ಎರಡೂವರೆ ಸಾವಿರಕ್ಕೆ ಸಿಗುತ್ತಿತ್ತು. ನಮ್ಮ ಊರಿನಲ್ಲಿ ಎಂಟು ಸಾವಿರವೆಂದರೆ ರೋಗಿ ಇಂಪ್ಲಾಂಟನ್ನೇ (ಮೂಳೆಗೆ ಕೂರಿಸುವ ಕೃತಕ ಬೇರು) ಬಿಟ್ಟು ಅಕ್ಕಪಕ್ಕದ ಹಲ್ಲಿಗೆ ಕಟ್ಟುವ ಬ್ರಿಡ್ಜ್ ಸಾಕೆನ್ನುತ್ತಾರೆ. ಹಾಗಾಗಿ ಕೊರಿಯಾದವರು 2010ರ ಸುಮಾರಿಗೆ ತೋರಿಸಿಕೊಟ್ಟ ಸ್ಟಿಕ್ಕಿ ಬೋನ್ ದಾರಿಯನ್ನೇ ಹಿಡಿದೆ: ರೋಗಿಯ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅದರ ಫೈಬ್ರಿನ್ನಿನಿಂದಲೇ (ರಕ್ತ ಹೆಪ್ಪುಗಟ್ಟುವಾಗ ಮೂಡುವ ಎಳೆ) ಪುಡಿಯನ್ನು ಕಟ್ಟುವುದು. ಹೀಗೆ ಸಿಗುವ ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ನೇ ಪಿಆರ್‌ಎಫ್. ನಮ್ಮ ಸ್ಟಡಿ ಗ್ರೂಪಿನ ಹಿರಿಯರೊಬ್ಬರು ಇದನ್ನು ಕೇಳಿ, "ಹಳೇ ಲ್ಯಾಬ್ ಮಷೀನಿನಲ್ಲಿ ಪಿಆರ್‌ಎಫ್ ಮಾಡ್ತೀರಾ? ಮೊಸರು ಕಡೀರಿ ಅದರಲ್ಲಿ" ಎಂದು ಎಲ್ಲರ ಮುಂದೆ ನಕ್ಕರು.

ಅವರು ನಕ್ಕದ್ದರಲ್ಲಿ ಅರ್ಧ ನ್ಯಾಯವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮುಚ್ಚುತ್ತಿದ್ದ ಡಯಾಗ್ನೋಸ್ಟಿಕ್ ಲ್ಯಾಬೊಂದರಿಂದ ಒಂಬತ್ತು ಸಾವಿರಕ್ಕೆ ತಂದ ಸೆಂಟ್ರಿಫ್ಯೂಜ್ ಅದು. ದ್ರವರೂಪದ ಐ-ಪಿಆರ್‌ಎಫ್‌ಗೆ 700 ಆರ್‌ಪಿಎಂ, ಮೂರು ನಿಮಿಷ ಎಂದು ಓದಿದ್ದನ್ನು ಕಣ್ಣುಮುಚ್ಚಿ ನಕಲು ಮಾಡಿದೆ. ಬಂದ ಹಳದಿ ದ್ರವ ನೋಡಲು ಹೇರಳವಾಗಿತ್ತು, ಆದರೆ ಪುಡಿಯನ್ನು ಸರಿಯಾಗಿ ಕಟ್ಟುತ್ತಿರಲಿಲ್ಲ. ನಾಲ್ಕು ಪ್ರಕರಣಗಳು ಹೀಗೆ ಹೋದವು. ಕೊನೆಗೆ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಟ್ಯಾಕೋಮೀಟರ್ ತಂದು ಹಿಡಿದಾಗ, ಗುಂಡಿಯ ಮುಳ್ಳು 700 ತೋರಿಸುವಾಗ ಯಂತ್ರ ತಿರುಗುತ್ತಿದ್ದದ್ದು ಸಾವಿರದ ಹತ್ತಿರ. ಅದರ ಜೊತೆಗೆ, ಆ 700ರ ಲೆಕ್ಕ ಸುಮಾರು 11 ಸೆಂಟಿಮೀಟರ್ ತ್ರಿಜ್ಯದ ಯಂತ್ರದ್ದು, ನನ್ನದರ ತೋಳು 15 ಸೆಂಟಿಮೀಟರ್. ಬೇಕಾದದ್ದು 60 ಜಿ, ಅಂದರೆ ಗುರುತ್ವದ ಅರವತ್ತು ಪಟ್ಟು ಬಲ; ನಾನು ಕೊಡುತ್ತಿದ್ದದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳು ಹೆಚ್ಚಾಗಿ ಕೆಳಕ್ಕೆ ಸರಿದು, ಮೇಲೆ ಉಳಿದ ಸಪ್ಪೆ ನೀರನ್ನು ನಾನು ಸಿರಿಂಜಿಗೆ ಎಳೆಯುತ್ತಿದ್ದೆ. ನನ್ನ ಯಂತ್ರಕ್ಕೆ 600 ಆರ್‌ಪಿಎಂ ಸಾಕು. ಆ ಗುಂಡಿಯ ಮೇಲೆ ಇಂದಿಗೂ ಕೆಂಪು ನೇಲ್ ಪಾಲಿಷಿನ ಗುರುತಿದೆ.

ಟ್ಯೂಬಿನ ಕಥೆ ಇನ್ನೊಂದು. ರಕ್ತ ತೆಗೆಯಲು ಬರುತ್ತಿದ್ದ ಲ್ಯಾಬ್ ಹುಡುಗ ಒಂದು ದಿನ ಅವಸರದಲ್ಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ರಕ್ತ ಹಿಡಿದ; ಕ್ಯಾಲ್ಸಿಯಂ ಕಟ್ಟಿಹಾಕಿದ ಆ ರಕ್ತ ಎಷ್ಟು ಕಾದರೂ ಹೆಪ್ಪುಗಟ್ಟಲಿಲ್ಲ, ಒಸಡಿನ ಫ್ಲ್ಯಾಪ್ ಬಿಡಿಸಿಟ್ಟ ರೋಗಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. ಇನ್ನೊಂದು ಸಲ ಬೇಗ ಹೆಪ್ಪುಗಟ್ಟಿಸುವ ಕ್ಲಾಟ್ ಆ್ಯಕ್ಟಿವೇಟರ್ ಲೇಪಿಸಿದ ಪ್ಲಾಸ್ಟಿಕ್ ಟ್ಯೂಬ್ ಬಂದು, ದ್ರವವನ್ನು ಎಳೆದುಕೊಳ್ಳುವ ಮೊದಲೇ ಟ್ಯೂಬಿನೊಳಗೆ ಗಟ್ಟಿಯಾಯಿತು. ಕೆಂಪು ಮುಚ್ಚಳವೆಂದ ಮಾತ್ರಕ್ಕೆ ನಂಬಬೇಡಿ, ಗಾಜಿನದೋ ಪ್ಲಾಸ್ಟಿಕ್ಕಿನದೋ, ಒಳಗೆ ಲೇಪವಿದೆಯೋ ಇಲ್ಲವೋ ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಓದಿ. ಈಗ ನಾನು ದ್ರವಕ್ಕೆ ಲೇಪವಿಲ್ಲದ ಪ್ಲಾಸ್ಟಿಕ್ ಟ್ಯೂಬ್, ಹೆಪ್ಪನ್ನು ಒತ್ತಿ ಮಾಡುವ ಪೊರೆಗೆ ಸಾದಾ ಗಾಜಿನ ಟ್ಯೂಬ್, ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ನನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದೇನೆ.

ಈಗಿನ ಕ್ರಮ ಇಷ್ಟೇ. ಅರ್ಧ ಗ್ರಾಂ ಪುಡಿಗೆ ಎರಡು ಪಿಆರ್‌ಎಫ್ ಪೊರೆಗಳನ್ನು ಕತ್ತರಿಯಿಂದ ಒಂದೆರಡು ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ ಒಣ ಪುಡಿಯೊಂದಿಗೆ ಬೆರೆಸುತ್ತೇನೆ, ಮೇಲಿನಿಂದ ಸುಮಾರು ಒಂದು ಮಿಲಿಲೀಟರ್ ದ್ರವ ಹನಿಸುತ್ತೇನೆ, ಕೆಲವು ಸೆಕೆಂಡು ಮಾತ್ರ ಕಲಕಿ ಕೈ ತೆಗೆದುಬಿಡುತ್ತೇನೆ. ಒಣ ಪುಡಿ ಎಂಬ ಮಾತನ್ನು ಗಮನಿಸಿ: ಕೈ ಅಭ್ಯಾಸದಿಂದ ಮೊದಲು ಸಲೈನಿನಲ್ಲಿ ನೆನೆಸಿದರೆ ಕಣದ ರಂಧ್ರಗಳೆಲ್ಲ ನೀರು ಕುಡಿದು, ಫೈಬ್ರಿನ್ ಆಗಬೇಕಾದ ಫೈಬ್ರಿನೋಜನ್ ತೆಳುವಾಗಿ, ಉಂಡೆ ಕಟ್ಟುವುದಿಲ್ಲ. ಎಳೆ ಮೂಡತೊಡಗಿದ ಮೇಲೆ ಮತ್ತೆ ಕಲಕಿದರೂ ಕೆಲಸ ಕೆಟ್ಟಂತೆಯೇ, ಹರಿದ ಎಳೆ ಮತ್ತೆ ಕೂಡುವುದಿಲ್ಲ. ಎಸಿಯ ಚಳಿಯಲ್ಲಿ ನನಗೆ ಹದಿನೈದು ನಿಮಿಷ ಹಿಡಿದದ್ದಿದೆ, ಎಸಿ ನಿಲ್ಲಿಸಿದರೆ ಐದಾರು ನಿಮಿಷ. ಉಂಡೆಗೆ ಗುಳಿಯ ಆಕಾರ ಕೊಡಲು ನಾನು ಬಳಸುವ ಅಚ್ಚೊಂದಿದೆ, ಹಾಗೆಯೇ ದ್ರವವನ್ನು ಟ್ಯೂಬಿನ ಯಾವ ಮಟ್ಟದಿಂದ, ಸೂಜಿಯನ್ನು ಹೇಗೆ ತಿರುಗಿಸಿ ಎಳೆಯಬೇಕೆಂಬುದರಲ್ಲೂ ಒಂದು ಕೈಚಳಕವಿದೆ. ಅವೆರಡನ್ನೂ ಬರೆದು ತಿಳಿಸುವುದಕ್ಕಿಂತ ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುವುದೇ ನನಗೆ ಇಷ್ಟ.

ಈ ಕ್ರಮದಲ್ಲಿ ಕಟ್ಟಿದ್ದನ್ನು ಬಾಯಿಗೆ ಹಾಕುವ ಮೊದಲು ಮಟನ್ ಅಂಗಡಿಯಿಂದ ತಂದ ಆಡಿನ ದವಡೆಯಲ್ಲಿ ಬರ್‌ನಿಂದ ಗುಳಿ ಕೊರೆದು, ಸಲೈನ್ ಕಲಸಿದ ಪುಡಿಯನ್ನೂ ಫೈಬ್ರಿನ್ ಕಟ್ಟಿದ ಪುಡಿಯನ್ನೂ ತುಂಬಿ, ಸಿರಿಂಜಿನಿಂದ ನೀರು ಹಾಯಿಸಿ ತೂಗಿ ನೋಡಿದ್ದೆ. ಮೊದಲನೆಯದರಲ್ಲಿ ಅರ್ಧದಷ್ಟು ಕೊಚ್ಚಿಹೋಯಿತು, ಎರಡನೆಯದರಲ್ಲಿ ಹತ್ತರಲ್ಲಿ ಒಂದು ಪಾಲೂ ಹೋದಂತಿರಲಿಲ್ಲ. ಅದೇ ಉತ್ಸಾಹದಲ್ಲಿ ಹೈಯಲ್ಯುರಾನಿಕ್ ಜೆಲ್ ಬೆರೆಸಿ ನೋಡಿದೆ. ಲೋಳೆಸರದಂತೆ ನುಣುಪಾಗಿ, ತುಂಬಲು ಸುಲಭ, ನಿಲ್ಲುವುದರಲ್ಲಿ ಸೊನ್ನೆ. ಕ್ಯಾಲ್ಸಿಯಂ ಸಲ್ಫೇಟನ್ನು ಒಂದಕ್ಕೆ ನಾಲ್ಕರಂತೆ ಡಿಎಫ್‌ಡಿಬಿಎಗೆ ಸೇರಿಸಿದರೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ, ಡ್ರೀಸ್‌ಮನ್ 1892ರಲ್ಲೇ ಮೂಳೆಯ ಗುಳಿಗೆ ತುಂಬಿದ ವಸ್ತುವಲ್ಲವೇ ಅದು. ಆದರೆ ರಕ್ತ ಸುರಿಯುವ ಗುಳಿಯಲ್ಲಿ ಹದ ಸಿಗದೆ ಎರಡು ಬಾರಿ ಸೋತು ಕೈಬಿಟ್ಟೆ. ಕಿತ್ತ ಹಲ್ಲನ್ನೇ ಪುಡಿ ಮಾಡಿ ಗ್ರಾಫ್ಟಾಗಿಸುವ ಡೆಂಟಿನ್ ವಿಧಾನಕ್ಕೆ ಆಸೆಪಟ್ಟು ಹಳೆಯ ಕಾಫಿ ಗ್ರೈಂಡರಿಗೆ ಹಲ್ಲು ಹಾಕಿದ್ದೂ ಉಂಟು. ಒಂದು ಕಣ ಮೈದಾದಂತೆ, ಇನ್ನೊಂದು ಕಡಲೆಯಂತೆ. ಅದು ಯಾರ ಬಾಯಿಗೂ ಹೋಗಲಿಲ್ಲ; ಗ್ರೈಂಡರ್ ಗುಜರಿಗೆ ಹೋಯಿತು.

ನಾನು ನಿರೀಕ್ಷಿಸದ ಲಾಭವೊಂದು ಸಮ್ಮತಿಪತ್ರದ ಹಂತದಲ್ಲಿ ಸಿಕ್ಕಿತು. ಗೋಮೂಲದ ಅಥವಾ ಹಂದಿಮೂಲದ ಪುಡಿ ಮತ್ತು ಕೊಲಾಜನ್ ಪೊರೆ ಎಂದು ನಾನು ಬಾಯಿಬಿಟ್ಟು ಹೇಳಿದೊಡನೆ ಎದ್ದುಹೋದ ಕುಟುಂಬಗಳು ಕೆಲವಿವೆ. ಈಗ ಹೈಡ್ರಾಕ್ಸಿಅಪಟೈಟ್ ಅರವತ್ತು, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ನಲವತ್ತರ ಕೃತಕ ಪುಡಿ, ಕಟ್ಟುವುದಕ್ಕೆ ಅವರದೇ ರಕ್ತ, ಮುಚ್ಚುವುದಕ್ಕೆ ಅವರದೇ ಪೊರೆಯ ಎರಡು ಪದರ ಎಂದರೆ ಮರುಮಾತಿಲ್ಲ. ಆದರೂ ಪಿಆರ್‌ಎಫ್ ಪೊರೆ ಎರಡು ವಾರಕ್ಕೆ ಕರಗುವುದರಿಂದ, ಮೂಳೆ ತುಂಬಾ ಹೋದ ಕಡೆ ಅದನ್ನಷ್ಟೇ ನಂಬುವ ಧೈರ್ಯ ನನಗಿಲ್ಲ. ಅಲ್ಲಿ ವಿಷಯ ತಿಳಿಸಿ, ಒಪ್ಪಿದವರಿಗೆ ಕೊಲಾಜನ್ನನ್ನೇ ಹಾಕುತ್ತೇನೆ.

ಸೋತ ಪ್ರಕರಣಗಳನ್ನು ಹಣ ಪಡೆಯದೆ ಮತ್ತೆ ಮಾಡಿಕೊಟ್ಟದ್ದರಲ್ಲಿ ನಲವತ್ತು ಸಾವಿರದಷ್ಟು ಕೈಯಿಂದ ಹೋಗಿರಬಹುದು. ಈಗ ಪ್ರತಿ ಪ್ರಕರಣಕ್ಕೆ ಟ್ಯೂಬ್, ಸೂಜಿ, ಲ್ಯಾಬ್ ಹುಡುಗನ ಇನ್ನೂರು ರೂಪಾಯಿ ಸೇರಿ ವಾಹಕದ ಖರ್ಚು ಮುನ್ನೂರೈವತ್ತು ದಾಟುವುದಿಲ್ಲ. ನಂಬಿಕೆ ಕೊಟ್ಟದ್ದು ಕೆಳದವಡೆಯ ಮೊದಲ ದವಡೆಹಲ್ಲಿನ ಗುಳಿಯೊಂದು: ಹೊರಗೋಡೆ ಪೂರ್ತಿ ಹೋಗಿ ಅಗಲ ನಾಲ್ಕು ಮಿಲಿಮೀಟರಿಗೆ ಇಳಿದಿತ್ತು. ಐದು ತಿಂಗಳ ನಂತರ ಸಿಬಿಸಿಟಿಯಲ್ಲಿ (ದವಡೆಯ ತ್ರಿಆಯಾಮದ ಎಕ್ಸ್‌ರೇ) ಏಳರ ಮೇಲಿತ್ತು, ತೆರೆದು ನೋಡಿದರೆ ಕಣಗಳ ನಡುವೆ ರಕ್ತ ಜಿನುಗುವ ಗಟ್ಟಿ ಮೂಳೆ, ಇಂಪ್ಲಾಂಟ್ 35 ನ್ಯೂಟನ್ ಸೆಂಟಿಮೀಟರಿನ ತಿರುಚುಬಲಕ್ಕೆ ಗಟ್ಟಿಯಾಗಿ ನಿಂತಿತು. ಟ್ರೆಫೈನಿನಲ್ಲಿ (ಟೊಳ್ಳು ಡ್ರಿಲ್) ತೆಗೆದ ಮೂಳೆಯ ತುಣುಕಿನ ಸ್ಲೈಡನ್ನು ಆ ಹಿರಿಯರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಟ್ಯೂಬ್ ಎಲ್ಲಿ ಸಿಗುತ್ತವೆ ಎಂದು ಕೇಳಿದರು.

ಅದಾದ ಮೇಲೆ ಮೂವತ್ತೈದು, ನಲವತ್ತು ಪ್ರಕರಣ ಆಗಿರಬೇಕು. ಮರಳಿನ ಫೋನ್ ಬಂದದ್ದು ಎರಡೇ. ಅದರಲ್ಲೊಬ್ಬರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದುದನ್ನು ಹೇಳಿರಲಿಲ್ಲ, ನಾನೂ ಎರಡನೆಯ ಬಾರಿ ಕೇಳಿರಲಿಲ್ಲ. ಇನ್ನೊಬ್ಬರಲ್ಲಿ ಮೂಳೆಯ ಎತ್ತರ ಹೆಚ್ಚಿಸಲು ಹೋಗಿದ್ದೆ. ಎತ್ತರಕ್ಕೆ ಈ ಉಂಡೆ ಒಂದೇ ಸಾಲದು, ಟೈಟಾನಿಯಂ ಮೆಷ್ ಅಥವಾ ಮೇಲಿನ ಪೊರೆಯನ್ನು ಡೇರೆಯಂತೆ ಎತ್ತಿ ಹಿಡಿಯುವ ಟೆಂಟಿಂಗ್ ಸ್ಕ್ರೂ ಬೇಕು. ಸ್ಕ್ರೂಗಳನ್ನು ತರಿಸಿಟ್ಟಿದ್ದೇನೆ, ಮೊದಲ ಪ್ರಕರಣಕ್ಕೆ ಇನ್ನೂ ಕೈ ಹಾಕಿಲ್ಲ.